ಕಿತ್ತಳೆಯ ಅಡಿಯ ಹಸಿರು

ಯುದ್ಧಕ್ಕೆಂದು ಹುಟ್ಟಿದ ಯಂತ್ರ ಯುದ್ಧ ಮುಗಿದ ಮೇಲೆ ಏನಾಗುತ್ತದೆ? ಫಿರಂಗಿಯಾದರೆ ಊರ ಉದ್ಯಾನದ ಕಟ್ಟೆಯೇರಿ ಮಕ್ಕಳ ಆಟಕ್ಕೆ ಒದಗುತ್ತದೆ. ಉಳಿದವುಗಳಲ್ಲಿ ಬಹುಪಾಲು ಕುಲುಮೆಯನ್ನು ಸೇರುತ್ತವೆ. ವೀಸೆಲ್ ಎಂಬ ಹಿಮವಾಹನದ ಬಾಳು ಮಾತ್ರ ಬೇರೆ ಬಗೆಯದು.

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರವನ್ನು ನಮ್ಮಲ್ಲಿ ಅನೇಕರು ನೋಟರ್ ಡೇಮ್ ವಿಶ್ವವಿದ್ಯಾಲಯದ ಮೂಲಕ ಬಲ್ಲರು. ಅಲ್ಲಿ ಒಂದು ಚಳಿಗಾಲವನ್ನು ಕಳೆಯುವ ಅವಕಾಶ ನನಗೊದಗಿತ್ತು. ಮಿಷಿಗನ್ ಸರೋವರದ ಮೇಲಿಂದ ಬೀಸುವ ಗಾಳಿ ಒಂದೇ ರಾತ್ರಿಯಲ್ಲಿ ಮೊಣಕಾಲುದ್ದ ಹಿಮವನ್ನು ಸುರಿದುಹೋಗುವ ಊರದು. ಅಲ್ಲಿಯೇ 1852ರಲ್ಲಿ ಸ್ಟುಡಿಬೇಕರ್ ಸಹೋದರರು ಕಮ್ಮಾರಸಾಲೆಯೊಂದನ್ನು ತೆರೆದರು. ಬಂಡಿಗಳನ್ನೂ ಬಳಿಕ ಕಾರುಗಳನ್ನೂ ತಯಾರಿಸಿ ಹೆಸರಾದ ಅವರ ಸಂಸ್ಥೆ 1963ರ ಡಿಸೆಂಬರಿನಲ್ಲಿ ಅಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಕಟ್ಟಿದ ವೀಸೆಲ್‌ಗಳ ಸಂಖ್ಯೆ ಸುಮಾರು 15,000.

ಕಲ್ಪನೆ ಜೆಫ್ರಿ ಪೈಕ್ ಎಂಬ ಬ್ರಿಟಿಷ್ ಚಿಂತಕನದು. ಜರ್ಮನಿಯ ವಶದಲ್ಲಿದ್ದ ನಾರ್ವೆಯ ಹಿಮದಲ್ಲಿ ಸಣ್ಣ ಪಡೆಯೊಂದನ್ನು ಇಳಿಸಿ, ಅಲ್ಲಿಯ ಜಲವಿದ್ಯುತ್ ಸ್ಥಾವರಗಳನ್ನು ನಾಶಪಡಿಸಬೇಕೆಂಬುದು ಅವನ ಯೋಜನೆ. 1942ರಲ್ಲಿ ಅದಕ್ಕಿಟ್ಟ ಹೆಸರು 'ಪ್ಲೌ', ಅಂದರೆ ನೇಗಿಲು. ಪ್ರವಾದಿ ಯೆಶಾಯನ ಗ್ರಂಥವನ್ನು ಓದಿದವರಿಗೆ ಈ ಹೆಸರು ಕಸಿವಿಸಿ ಹುಟ್ಟಿಸದಿರದು. ಯೋಜನೆ ಅದೇ ವರ್ಷ ರದ್ದಾಯಿತು. ವಾಹನ ಮಾತ್ರ ಉಳಿಯಿತು. ಬುಲ್ಡೋಜರಿನಂತೆ ಇದಕ್ಕೂ ಚಕ್ರಗಳ ಸುತ್ತ ಸರಪಳಿಯಂಥ ಪಟ್ಟಿಗಳಿವೆ. ಭಾರವೆಲ್ಲ ಆ ಅಗಲವಾದ ಪಟ್ಟಿಗಳ ಮೇಲೆ ಹರಡಿಕೊಳ್ಳುವುದರಿಂದ, ಇಷ್ಟು ದೊಡ್ಡ ಯಂತ್ರ ನೆಲವನ್ನು ಒತ್ತುವುದು ನಡೆಯುವ ಮನುಷ್ಯನ ಪಾದಕ್ಕಿಂತಲೂ ಹಗುರವಾಗಿ. ಹಿಮಕ್ಕೆಂದು ಕಟ್ಟಿದ್ದು ಕೆಸರಿಗೂ ಒದಗಿತು: 1944ರಲ್ಲಿ ನೆದರ್ಲೆಂಡ್ಸ್‌ನ ವಾಲ್ಕರೆನ್‌ನಲ್ಲಿ, 1945ರಲ್ಲಿ ಇವೊ ಜಿಮಾದ ಜ್ವಾಲಾಮುಖಿಯ ಬೂದಿಯಲ್ಲಿ.

ಸೌತ್ ಬೆಂಡ್‌ನ ಹೊರವಲಯದಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರು ತಮ್ಮ ಕೊಟ್ಟಿಗೆಯಲ್ಲಿ ಇಂಥದೊಂದು ವೀಸೆಲನ್ನು ದುರಸ್ತಿ ಮಾಡುತ್ತಿದ್ದರು. ಮಿಷಿಗನ್ ರಾಜ್ಯದ ಉತ್ತರದ ತೋಟವೊಂದರಲ್ಲಿ ಅದು ಸಿಕ್ಕಿದಾಗ, ಅದರ ತಳದ ತಗಡನ್ನು ಸೀಳಿಕೊಂಡು ಬರ್ಚ್ ಗಿಡವೊಂದು ಬೆಳೆದಿತ್ತಂತೆ. ಎಂಜಿನ್ ಅವರಿಗೆ ಸಮಸ್ಯೆಯೇ ಆಗಿರಲಿಲ್ಲ. ಸ್ಟುಡಿಬೇಕರ್ ಚಾಂಪಿಯನ್ ಕಾರಿನ ಆರು ಸಿಲಿಂಡರಿನ ಎಂಜಿನ್ನೇ ಇದಕ್ಕೂ ಇರುವುದರಿಂದ ಬಿಡಿಭಾಗಗಳು ಹೇಗೋ ದೊರೆಯುತ್ತವೆ. ಕಷ್ಟವೆಲ್ಲ ಪಟ್ಟಿಗಳದ್ದು. ಉಕ್ಕಿನ ಫಲಕಗಳನ್ನು ರಬ್ಬರಿನ ಪಟ್ಟಿಗಳಿಗೆ ಜೋಡಿಸಿರುತ್ತಾರೆ. ರಬ್ಬರಿನೊಳಗೆ ಉಕ್ಕಿನ ತಂತಿಗಳಿರುತ್ತವೆ. ರಬ್ಬರು ಬಿರಿದಲ್ಲಿ ನೀರಿಳಿದು ತಂತಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಪಟ್ಟಿ ಒಂದು ದಿನ ತಿರುವಿನಲ್ಲಿ ಹರಿದುಬೀಳುತ್ತದೆ. "ಇದರ ಅನಾರೋಗ್ಯ ಕಣ್ಣಿಗೆ ಕಾಣುವುದಿಲ್ಲ, ಫಾದರ್" ಎಂದು ಅವರು ಪಟ್ಟಿಯ ಉದ್ದಕ್ಕೂ ಬೆರಳಾಡಿಸಿ ತೋರಿಸಿದರು.

ಬಣ್ಣವನ್ನು ಕೆರೆಯುವಾಗ ಅವರಿಗೊಂದು ಸಂದಿಗ್ಧ ಎದುರಾಯಿತು. ಮೇಲೆ ಮಾಸಿದ ಕಿತ್ತಳೆ, ಅದರಡಿಯಲ್ಲಿ ಸೇನೆಯ ಹಸಿರು. ಯುದ್ಧಾನಂತರ ಹರಾಜಿನಲ್ಲಿ ಕೊಂಡವರು, ಹಿಮಗಾಳಿಗೆ ಕಡಿದುಬಿದ್ದ ವಿದ್ಯುತ್ ತಂತಿಗಳನ್ನು ಸರಿಪಡಿಸುವ ಕೆಲಸಗಾರರನ್ನು ಸಾಗಿಸಲು ಅದನ್ನು ಬಳಸಿದ್ದರು. ವಿದ್ಯುತ್ ಸ್ಥಾವರಗಳನ್ನು ಕೆಡಹಲೆಂದು ಕಲ್ಪಿಸಿದ ವಾಹನ, ಕತ್ತಲಲ್ಲಿ ಕುಳಿತ ಮನೆಗಳಿಗೆ ದೀಪ ಮರಳಿಸಲು ಓಡಾಡಿತ್ತು! ಆದರೆ ಇಂಥ ವಾಹನಗಳ ಅಭಿಮಾನಿಗಳಾದ ಅವರ ಗೆಳೆಯರದು ಒಂದೇ ಮಾತು: ಹಸಿರು ಬಳಿಯಬೇಕು, ಬಿಳಿಯ ನಕ್ಷತ್ರ ಬರೆಯಬೇಕು, ಕಾರ್ಖಾನೆಯಿಂದ ಹೊರಬಿದ್ದ ದಿನದಂತೆ ಕಾಣಬೇಕು.

ಈ ವಾದ ನನಗೊಪ್ಪಿಗೆಯಾಗಲಿಲ್ಲ. ಸೇನೆಯಲ್ಲಿ ಅದು ಕಳೆದದ್ದು ಎರಡು ಮೂರು ವರ್ಷ. ತಂತಿಯ ಕೆಲಸದಲ್ಲಿ ಕಳೆದದ್ದು ಇಪ್ಪತ್ತು. ದೀರ್ಘವಾದ ಬಾಳನ್ನು ಕೆರೆದು ಹಾಕಿ ಅಲ್ಪಕಾಲದ್ದನ್ನು ಉಳಿಸಿದರೆ ಅದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲುವುದೇ? ಅದರ ಜೊತೆಯ ವೀಸೆಲ್‌ಗಳೂ ಹೆಚ್ಚು ಘನವಾದ ಕೆಲಸ ಮಾಡಿದ್ದು ಶಾಂತಿಕಾಲದಲ್ಲಿಯೇ. 1948ರಿಂದ ಪಾಲ್-ಎಮಿಲ್ ವಿಕ್ಟರ್ ಅವರ ಫ್ರೆಂಚ್ ತಂಡವನ್ನು ಗ್ರೀನ್‌ಲೆಂಡಿನ ಹಿಮಪ್ರಸ್ಥಭೂಮಿಗೆ ಒಯ್ದವು ಅವೇ. ಅಲ್ಲಿಯೂ ಎಲ್ಲವೂ ಸುಗಮವಾಗಿತ್ತೆಂದಲ್ಲ. 1949–52ರ ನಾರ್ವೆ-ಬ್ರಿಟನ್-ಸ್ವೀಡನ್ ಅಂಟಾರ್ಕ್ಟಿಕ ಯಾತ್ರೆಯಲ್ಲಿ, 1951ರ ಫೆಬ್ರವರಿಯಲ್ಲಿ, ಒಂದು ವೀಸೆಲ್ ಮಂಜುಗಡ್ಡೆಯ ಅಂಚಿನಿಂದ ಸಮುದ್ರಕ್ಕೆ ಉರುಳಿ, ಅದರಲ್ಲಿದ್ದ ನಾಲ್ವರಲ್ಲಿ ಮೂವರು ಮುಳುಗಿಹೋದರು.

ಮೆಕ್ಯಾನಿಕ್ ಮಹಾಶಯರನ್ನು ಕಾಡುತ್ತಿದ್ದುದು ನನ್ನ ವಾದವಲ್ಲ, ವಾಹನವನ್ನು ಮಾರಿದ ವೃದ್ಧೆಯ ಕೋರಿಕೆ. ಆಕೆಯ ದಿವಂಗತ ಪತಿ ಅದರ ಚಾಲಕರಾಗಿದ್ದರು. ಬಿರುಗಾಳಿಯ ರಾತ್ರಿಗಳಲ್ಲಿ ಆಕೆ ಕಿಟಕಿಯ ಬಳಿ ಕುಳಿತು, ಬಿಳುಪಿನ ನಡುವೆ ಆ ಕಿತ್ತಳೆ ಬಣ್ಣ ಕಾಣುವ ತನಕ ಕಾಯುತ್ತಿದ್ದರಂತೆ. ಹೆಚ್ಚಿನ ಬೆಲೆಯನ್ನೇನೂ ಕೇಳದೆ, ಕೆಲಸ ಮುಗಿದಾಗ ಒಂದು ಛಾಯಾಚಿತ್ರ ಕಳುಹಿಸಿದರೆ ಸಾಕೆಂದಿದ್ದರು.

ನಾನು ಮರಳುವಾಗ ವಾಹನದ ಮೇಲೆ ಕೆಂಪು ಪ್ರೈಮರ್ ಮಾತ್ರವಿತ್ತು. ಮುಂದಿನ ಕ್ರಿಸ್ತಜಯಂತಿಗೆ ಅವರ ಶುಭಾಶಯ ಪತ್ರದೊಂದಿಗೆ ಚಿತ್ರವೊಂದು ಬಂದಿತು. ಹೊರಮೈ ಕಿತ್ತಳೆ. ಒಳಭಾಗಕ್ಕೆ ತಂತಿಯ ಕೆಲಸಗಾರರು ಎಂದೂ ಬಣ್ಣ ಬಳಿದಿರಲಿಲ್ಲವಾದ್ದರಿಂದ, ಅಲ್ಲಿ ಹಸಿರನ್ನೇ ಉಳಿಸಿದ್ದಾರೆ. ಎಡಬದಿಯ ಪಟ್ಟಿ ಇನ್ನೂ ದೊರೆತಿಲ್ಲ, ಹುಡುಕುತ್ತಿದ್ದೇನೆ ಎಂದು ಚಿತ್ರದ ಹಿಂಬದಿಯಲ್ಲಿ ಬರೆದಿದ್ದರು.