ಸ್ಪ್ಲೆಂಡರ್ ಡೈರಿ, ಭಾಗ 6: ಸದ್ದು ನಿಲ್ಲಿಸಿದ್ದು ನಾನೇ

ಮೊದಲನೇ ಫೋಟೋದಲ್ಲಿ ಇರೋದು ಅಪ್ಪನ ಸ್ಪ್ಲೆಂಡರ್. ಕ್ಲಾಸಿನ ಅರ್ಧ ಜನ ಇದರ ಹಿಂದೆ ಕೂತು ಕೊಪ್ಪ ಸುತ್ತಿದ್ದೀರಿ. ಹೋದ ತಿಂಗಳು ಇದನ್ನ ಹಾಳು ಮಾಡೋಕೆ ಹೊರಟಿದ್ದು ನಾನು. ನಗಬೇಡಿ, ಪೂರ್ತಿ ಓದಿ.

ಹೆಡ್ಡಿನಿಂದ ಟಕ ಟಕ ಅಂತ ಟ್ಯಾಪೆಟ್ ಸದ್ದು ಬರ್ತಿತ್ತು. ವಿಡಿಯೋ ನೋಡಿ, ಸ್ಪ್ಯಾನರ್ ಹಿಡಿದು, ಸದ್ದು ಪೂರ್ತಿ ನಿಲ್ಲೋವರೆಗೆ ಟೈಟ್ ಮಾಡ್ದೆ. ಫೀಲರ್ ಗೇಜ್ ಹಾಕಿ ಅಳೀಬೇಕು ಅಂತ ವಿಡಿಯೋದಲ್ಲೇ ಇತ್ತು. ಆ ಭಾಗ ನಾನು ಓಡಿಸಿಬಿಟ್ಟಿದ್ದೆ. ಮಾರನೇ ದಿನ ಅಪ್ಪ "ಗಾಡಿ ಈಗ ಎಷ್ಟು ಸೈಲೆಂಟ್ ಆಗಿದೆ ನೋಡು" ಅಂದ್ರು. ನಾನು ಮಾಡಿದ್ದು ಅಂತ ಹೇಳ್ಲಿಲ್ಲ, ಒಳಗೊಳಗೇ ಖುಷಿಪಟ್ಟೆ.

ಎರಡು ವಾರ ಆಗಿರಬೇಕು. ಶೃಂಗೇರಿಯಿಂದ ವಾಪಸ್ ಬರ್ತಾ ಏರಿನಲ್ಲಿ ಗಾಡಿ ಎಳೀಲೇ ಇಲ್ಲ. ಆಫ್ ಆಯ್ತು. ಪೆಟ್ರೋಲ್ ಇದೆ, ಪ್ಲಗ್ ಕಿಡಿ ಕೊಡ್ತಿದೆ, ಆದ್ರೆ ಕಿಕ್ ಮೇಲೆ ಕಾಲಿಟ್ರೆ ಸಲೀಸಾಗಿ ಕೆಳಗೆ ಹೋಗ್ತದೆ, ಎದುರು ಒತ್ತೋದೇ ಇಲ್ಲ. ಆ ಒತ್ತಡವೇ ಕಂಪ್ರೆಷನ್. 97.2 ಸಿಸಿ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬರುವಾಗ ಎರಡೂ ವಾಲ್ವ್ ಮುಚ್ಚಿ, ಗಾಳಿ-ಪೆಟ್ರೋಲು ಸುಮಾರು ಒಂಬತ್ತನೇ ಒಂದು ಜಾಗಕ್ಕೆ ಅದುಮಿಕೊಳ್ಳಬೇಕು. ಎಲ್ಲೋ ಸೋರಿದ್ರೆ ಕಿಡಿ ಇದ್ದೂ ಪ್ರಯೋಜನ ಇಲ್ಲ.

ಗ್ಯಾರೇಜಿನಲ್ಲಿ ಕಿಕ್ ಒತ್ತಿ ನೋಡಿ, "ಬೋರ್ ಹೋಗಿದೆ. ಬೋರಿಂಗ್, ಪಿಸ್ಟನ್ ಕಿಟ್, ಎಲ್ಲಾ ಸೇರಿ ಆರು ಸಾವಿರ ಇಟ್ಕೊಳ್ಳಿ" ಅಂದ್ರು. ಕೊಳೆರೋಗಕ್ಕೆ ಬೋರ್ಡೋ ಹೊಡೆಸೋಕೆ ಇಟ್ಟಿದ್ದ ದುಡ್ಡನ್ನ ಅಪ್ಪ ರಾತ್ರಿ ಎಣಿಸ್ತಾ ಕೂತಿದ್ರು. ನಾನು ಪಕ್ಕದಲ್ಲೇ ಕಾಸ್ಟಿಂಗ್ ಪುಸ್ತಕ ತೆಗೆದಿಟ್ಕೊಂಡು ಕೂತಿದ್ದೆ. ಆಗಲೂ ಹೇಳ್ಲಿಲ್ಲ.

ಅಮ್ಮನ ಒತ್ತಾಯಕ್ಕೆ ಗಾಡೀನ ಪಿಕಪ್‌ಗೆ ಹಾಕ್ಕೊಂಡು ಎನ್.ಆರ್.ಪುರಕ್ಕೆ, ಮಾವನ ಹತ್ರ ಹೋದ್ವಿ. ಮಾವ ಮೊದಲು ಕೇಳಿದ್ದೇ, "ಭಾವ, ಇತ್ತೀಚೆಗೆ ಇದರಲ್ಲಿ ಎಂತ ಮುಟ್ಟಿದ್ರಿ?"

"ಎಂತದೂ ಇಲ್ಲ ಮಾರಾಯ" ಅಂದ್ರು ಅಪ್ಪ. ನಾನು ನೆಲ ನೋಡ್ದೆ.

ಎರಡನೇ ಫೋಟೋ: ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೀಬೇಕು, ಇಲ್ಲದಿದ್ರೆ ಗಾಳಿ ಸರಿಯಾಗಿ ಒಳಗೆ ಹೋಗದೆ ಲೆಕ್ಕ ತಪ್ಪುತ್ತೆ. 70 ಪಿಎಸ್‌ಐ ಬಂತು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಕಿಕ್. ರಿಂಗ್, ಬೋರ್ ಸವೆದಿದ್ರೆ ಆಯಿಲ್ ಆ ಸಂದನ್ನ ಸ್ವಲ್ಪ ಹೊತ್ತು ಮುಚ್ಚಿ ಮುಳ್ಳು ಚೆನ್ನಾಗಿ ಏರ್ಬೇಕು. ಬಂದಿದ್ದು 75.

"ಹಾಗಾದ್ರೆ ಬೋರ್ ಸರಿ ಇದೆ" ಅಂದೆ. "ತಡಿ" ಅಂದ್ರು ಮಾವ. ಸ್ಪ್ಲೆಂಡರಿನ ಸಿಲಿಂಡರ್ ಹೆಚ್ಚುಕಮ್ಮಿ ಅಡ್ಡ ಮಲಗಿರ್ತದೆ, ಆಯಿಲ್ ಕೆಳಗಡೆಯೇ ನಿಂತು ರಿಂಗಿನ ಸುತ್ತ ಹರಡದೇ ಇರಬಹುದು. ಈ ಒಂದೇ ಟೆಸ್ಟ್ ನಂಬೋ ಹಾಗಿಲ್ಲ.

ಮೂರನೇದು ನನಗೆ ತುಂಬಾ ಇಷ್ಟ ಆಗಿದ್ದು. ಪಿಸ್ಟನ್ ಪೂರ್ತಿ ಮೇಲೆ, ಎರಡೂ ವಾಲ್ವ್ ಮುಚ್ಚಿರಬೇಕಾದ ಜಾಗದಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ರು. ಎಂಜಿನ್ ಗಕ್ಕನೆ ತಿರುಗಬಹುದು, ಕಿಕ್ಕರ್ ಹತ್ರ ಕೈಕಾಲು ಇಡಬೇಡಿ. ಈಗ ಕಿವಿ ಕೊಡೋದು ಅಷ್ಟೇ. ಆಯಿಲ್ ಹಾಕೋ ಬಾಯಲ್ಲಿ ಗಾಳಿ ಜೋರಾಗಿ ಬಂದ್ರೆ ರಿಂಗ್ ಅಥವಾ ಬೋರ್. ಕಾರ್ಬುರೇಟರಿನಲ್ಲಿ ಬಂದ್ರೆ ಇನ್‌ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಬಂದ್ರೆ ಎಕ್ಸಾಸ್ಟ್ ವಾಲ್ವ್. ಹೆಡ್ಡಿನ ಅಂಚಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ರೆ ಗ್ಯಾಸ್ಕೆಟ್.

ಸೈಲೆನ್ಸರಿನಲ್ಲಿ ಬುಸ್ ಅಂತ ಬಂತು.

"ಮಾವ, ಟ್ಯಾಪೆಟ್ ಟೈಟ್ ಮಾಡಿದ್ದು ನಾನು" ಅಂದುಬಿಟ್ಟೆ. ಅಪ್ಪ ತಿರುಗಿ ನೋಡಿದ್ರು.

ಮಾವ ಬೈಲಿಲ್ಲ. ಗಾಳಿ ನಿಲ್ಲಿಸಿ ಎಕ್ಸಾಸ್ಟ್ ಕಡೆಯ ಕ್ಯಾಪ್ ಬಿಚ್ಚಿ, "ರಾಕರ್ ಅಲ್ಲಾಡಿಸು" ಅಂದ್ರು. ಅಲ್ಲಾಡ್ಲೇ ಇಲ್ಲ. ಅಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಮ್ಮಿ ಸಂದು ಇರಬೇಕಿತ್ತು. ವಾಲ್ವ್ ಬಿಸಿಯಾದಾಗ ಉದ್ದ ಆಗ್ತದೆ. ಆ ಸಂದೇ ಇಲ್ಲದಿದ್ರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ. ಹಾಗೇ ಓಡಿಸಿದ್ರೆ ಸುಟ್ಟೇ ಹೋಗ್ತದೆ. ಸದ್ದು ಮಾಡೋ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್‌ಗೆ ಹೆದರಬೇಕು ಅಂತ ಮಾವ ಅಂದ್ರು.

ಫೀಲರ್ ಗೇಜ್ ಹಾಕಿ ಸೆಟ್ ಮಾಡಿ ಮತ್ತೆ ಅಳೆದ್ವಿ: 130. ನಮ್ಮ ಪುಣ್ಯ, ವಾಲ್ವ್ ಇನ್ನೂ ಸುಟ್ಟಿರಲಿಲ್ಲ. ಆರು ಸಾವಿರದ ಕೆಲಸ ಅಂದಿದ್ದು ಕಾಲು ಗಂಟೆಯಲ್ಲಿ ಮುಗೀತು.

ಬಿಕಾಂನವರೇ, ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ನಾವು ಲೆಡ್ಜರನ್ನೇ ಹರಿದು ಹಾಕಲ್ಲ, ಕೊನೆಗೆ ಬರೆದ ಎಂಟ್ರಿಗಳನ್ನ ಮೊದಲು ನೋಡ್ತೀವಿ. ಗಾಡಿಯ ಆ ಕೊನೇ ಎಂಟ್ರಿ ನನ್ನ ಹತ್ರ ಇತ್ತು. ಗ್ಯಾರೇಜಿನವರಿಗೂ ನಾನು ಅದನ್ನ ಹೇಳಿರಲಿಲ್ಲ, ಅವರ ಮೇಲೆ ಸಿಟ್ಟು ಮಾಡ್ಕೊಂಡು ಏನು ಬಂತು?

ವಾಪಸ್ ಬರ್ತಾ ಗಾಡಿ ಓಡಿಸಿದ್ದು ನಾನು, ಹಿಂದೆ ಅಪ್ಪ. ಟ್ಯಾಪೆಟ್ ಸಣ್ಣಗೆ ಟಿಕ್ ಟಿಕ್ ಅಂತಿತ್ತು. ಕೊಪ್ಪ ಹತ್ರ ಬಂದಾಗ ಅಪ್ಪ ಬಾಯಿ ಬಿಟ್ರು: "ಇನ್ನು ಮೇಲೂ ಮುಟ್ಟು, ಬೇಡ ಅನ್ನಲ್ಲ. ಹೇಳಿ ಮುಟ್ಟು."

ಸೇವ್ ಮಾಡಿಟ್ಕೊಳ್ಳಿ, ಬೋರಿಂಗ್ ಅಂತ ಯಾರಾದ್ರೂ ಅಂದಾಗ ಬೇಕಾಗ್ತದೆ. ಭಾಗ 7ರಲ್ಲಿ ಕಾರ್ಬುರೇಟರ್.

#ಸ್ಪ್ಲೆಂಡರ್‌ಡೈರಿ #ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು