ಮೀಟರ್ ಇಟ್ಟು ನೋಡಿದಿರಾ?

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿದ್ದಾರೆ, ಕಾರಿನ ಕೀಲಿ ಹೆಂಗಸರ ಕೈಯಲ್ಲಿದೆ. ಮಕ್ಕಳ ಶಾಲೆ, ಹಿರಿಯರ ಔಷಧಿ, ಮದುವೆ, ಮರಣ ಎಲ್ಲದಕ್ಕೂ ನಾವೇ ಓಡಬೇಕು. ಆದರೆ ಕಾರು ಕೆಟ್ಟು ಗ್ಯಾರೇಜಿಗೆ ಹೋದರೆ ಮಾತ್ರ ಮೊದಲ ಪ್ರಶ್ನೆ, "ಯಜಮಾನರು ಯಾವಾಗ ಬರುತ್ತಾರೆ?"

ನನ್ನ ಮನೆ ಬೆಳ್ತಂಗಡಿ ತಾಲೂಕಿನಲ್ಲಿ. ಅತ್ತೆಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಂಟ್ವಾಳಕ್ಕೆ ಕರೆದೊಯ್ಯಬೇಕು. ಮಗಳು ಮೂಡಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳನ್ನು ನೋಡಿ ಬರಲು ಹೊರಟಿದ್ದೆ. ವೇಣೂರು ದಾಟುವಾಗ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಕಾರು ಮಾತ್ರ ಎಂದಿನಂತೆಯೇ ಓಡುತ್ತಿತ್ತು.

ಮೂಡಬಿದಿರೆಯ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0452 ಎಂಬ ಕೋಡ್ ಬಂತು. "ಪೆಟ್ರೋಲ್ ಟ್ಯಾಂಕಿನ ಪ್ರೆಶರ್ ಸೆನ್ಸರ್ ಹೋಗಿದೆ. ಪಂಪಿನ ಜೊತೆಗೇ ಬದಲಾಯಿಸಬೇಕು. ಹದಿನೆಂಟು ಸಾವಿರ ಆಗಬಹುದು" ಎಂದರು. ಫೋನಿನಲ್ಲಿ ನಮ್ಮವರು, "ಅವರು ಹೇಳಿದ ಹಾಗೆ ಮಾಡಿಸು, ನಿನಗೇಕೆ ತಲೆಬಿಸಿ" ಎಂದರು. ಹದಿನೆಂಟು ಸಾವಿರವೆಂದರೆ ಅತ್ತೆಯವರ ಎಷ್ಟೋ ದಿನಗಳ ಔಷಧಿ. "ವಯರು ಸರಿ ಇದೆಯೇ ಎಂದು ಮೀಟರ್ ಇಟ್ಟು ನೋಡಿದಿರಾ?" ಎಂದು ಕೇಳಿದೆ. "ಕಂಪ್ಯೂಟರೇ ಹೇಳಿದೆಯಲ್ಲ ಅಕ್ಕ" ಎಂದು ನಕ್ಕರು. ನಾನು ಕಾರು ತೆಗೆದುಕೊಂಡು ಮನೆಗೆ ಬಂದೆ.

ಕಂಪ್ಯೂಟರ್ ನಿಜವಾಗಿ ಹೇಳಿದ್ದೇನು? ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗೆ ಸೇರಿದರೆ ಹೊಗೆಯಷ್ಟೇ ಕೆಡುಕು. ಆದ್ದರಿಂದ ಅದನ್ನು ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಹಿಡಿದಿಟ್ಟು, ಆಮೇಲೆ ಇಂಜಿನಿಗೆ ಕಳುಹಿಸಿ ಉರಿಸುತ್ತಾರೆ. ಕೆಲವು ಕಾರುಗಳಲ್ಲಿ ಟ್ಯಾಂಕಿನೊಳಗಿನ ಒತ್ತಡವನ್ನು ಅಳೆಯಲು ಒಂದು ಸೆನ್ಸರ್ ಇರುತ್ತದೆ. ಅಮೆರಿಕದಲ್ಲಿ 1996ರಿಂದಲೇ ಹೊಸ ಕಾರುಗಳೆಲ್ಲ ಇಂಥ ದೋಷಗಳನ್ನು ತಾವೇ ಪತ್ತೆಹಚ್ಚಿ ಕೋಡ್ ಬರೆದಿಡಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಕಾರುಗಳ ಈ ತಪಾಸಣೆ ಇನ್ನಷ್ಟು ಬಿಗಿಯಾಗಿದೆ.

ಪಿ0452 ಎಂದರೆ ಆ ಸೆನ್ಸರಿನ ಸರ್ಕ್ಯೂಟಿನಿಂದ ಬರುವ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಪಿ0453 ಬಂದರೆ ಹೆಚ್ಚು ಎಂದರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ. ಅದರ ವಯರು, ಕಪ್ಲರ್, ಆಚೆ ತುದಿಯ ಕಂಪ್ಯೂಟರ್ ಎಲ್ಲವೂ ಸೇರುತ್ತವೆ. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆಯನ್ನು ನಾವೇ ಹುಡುಕಬೇಕು.

ಮರುದಿನ ಅತ್ತೆಯವರನ್ನು ಆಸ್ಪತ್ರೆಗೆ ಬಿಟ್ಟು ಬಂಟ್ವಾಳದ ಬಿ.ಸಿ. ರೋಡಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದೆ. ವಯಸ್ಸಾದವರು, ಮಾತು ಕಡಿಮೆ. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬೀಡಿ ಹಚ್ಚುತ್ತಿದ್ದ ಪಕ್ಕದವನನ್ನು ದೂರ ಕಳುಹಿಸಿ, ಹಿಂದಿನ ಸೀಟಿನಡಿಯ ಮುಚ್ಚಳ ತೆಗೆದು ಕಪ್ಲರ್ ಬಿಚ್ಚಿದರು. "ನೋಡಮ್ಮ, ಮೂರು ವಯರು. ಒಂದರಲ್ಲಿ ಕಂಪ್ಯೂಟರಿನಿಂದ 5 ವೋಲ್ಟ್ ಬರಬೇಕು. ಒಂದು ಅರ್ಥ್. ಇನ್ನೊಂದರಲ್ಲಿ ಸೆನ್ಸರ್ ತನ್ನ ಸುದ್ದಿ ಕಳುಹಿಸುತ್ತದೆ" ಎಂದರು.

ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಲು ಹೇಳಿ ಮಲ್ಟಿಮೀಟರ್ ಇಟ್ಟರು. ಅರ್ಥ್ ಸರಿಯಿತ್ತು. 5 ವೋಲ್ಟ್ ಬರಬೇಕಾದಲ್ಲಿ ಸೊನ್ನೆ! ಕಂಪ್ಯೂಟರಿನ ಬಳಿ ಅದೇ ವಯರಿನಲ್ಲಿ 5 ವೋಲ್ಟ್ ಇತ್ತು. "ಊಟವನ್ನೇ ಕೊಡದೆ ಕೆಲಸ ಮಾಡಿಲ್ಲ ಎಂದರೆ ಸೆನ್ಸರ್ ಏನು ಮಾಡೀತು?" ಎಂದರು. ವಯರಿನ ಜಾಡು ಹಿಡಿದು ಹೋದಾಗ ಕಾರಿನ ಅಡಿಯಲ್ಲಿ ಇಲಿ ಕಡಿದ ಜಾಗ ಸಿಕ್ಕಿತು. ಮಳೆನೀರು ತಾಗಿ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು.

ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಹತ್ತಿರವಿರುವುದರಿಂದ ಬಿಸಿ ಸಾಲ್ಡರ್ ಬಳಸದೆ, ಒತ್ತುವ ಜಾಯಿಂಟ್ ಹಾಕಿ ನೀರು ಹೋಗದಂತೆ ಟೇಪ್ ಸುತ್ತಿದರು. ಕೋಡ್ ಅಳಿಸಿದ ಮೇಲೆ ಇನ್ನೊಂದು ಪರೀಕ್ಷೆ. ಪೆಟ್ರೋಲ್ ಮುಚ್ಚಳ ತೆರೆದಿಟ್ಟರೆ ಟ್ಯಾಂಕಿನ ಒಳಗೂ ಹೊರಗೂ ಒತ್ತಡ ಒಂದೇ. ಆಗ ಸ್ಕ್ಯಾನರಿನಲ್ಲಿ ಟ್ಯಾಂಕಿನ ಒತ್ತಡ ಸೊನ್ನೆಯ ಆಸುಪಾಸು ಬರಬೇಕು. ಬಂತು. ಹಳೆಯ ಸೆನ್ಸರೇ ಸರಿಯಾಗಿ ಕೆಲಸ ಮಾಡುತ್ತಿತ್ತು! ತೆಗೆದುಕೊಂಡದ್ದು ಆರು ನೂರು ರೂಪಾಯಿ. ಹೊಸ ಸೆನ್ಸರ್ ಹಾಕಿಸಿದ್ದರೂ ಆ ತುಂಡಾದ ವಯರು ಹಾಗೆಯೇ ಉಳಿಯುತ್ತಿತ್ತು, ದೀಪ ಮತ್ತೆ ಹತ್ತುತ್ತಿತ್ತು.

ಕಾರು ಓಡುತ್ತದೆಯಲ್ಲ ಎಂದು ಆ ದೀಪವನ್ನು ಹಾಗೆಯೇ ಬಿಡುವುದೂ ಸರಿಯಲ್ಲ. ಒಂದು ಕಾರಣಕ್ಕೆ ಸದಾ ಉರಿಯುವ ದೀಪ ಇನ್ನೊಂದು ದೊಡ್ಡ ದೋಷ ಬಂದರೂ ಹಾಗೆಯೇ ಉರಿಯುತ್ತದೆ, ನಮಗೆ ತಿಳಿಯುವುದೇ ಇಲ್ಲ. ರೋಗಿಯನ್ನು ಕೂರಿಸಿಕೊಂಡು ಹೋಗುವವರಿಗೆ ಇದು ಸಣ್ಣ ಮಾತಲ್ಲ. ದೀಪ ಮಿಣುಕುತ್ತಿದ್ದರಂತೂ ಇಂಜಿನ್ನಿನೊಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂಬ ಸೂಚನೆ. ಆಗ ಸುರಕ್ಷಿತ ಜಾಗ ನೋಡಿ ಕಾರು ನಿಲ್ಲಿಸಬೇಕು.

ಸಹೋದರಿಯರೇ, ನಾವು ಮೆಕ್ಯಾನಿಕ್ ಆಗಬೇಕಿಲ್ಲ. ಟ್ಯಾಂಕಿನ ಬಳಿ ಕೈ ಹಾಕುವುದೂ ಬೇಡ. ಕೋಡ್ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ಹೊಸ ಸಾಮಾನು ಹಾಕುವ ಮೊದಲು 5 ವೋಲ್ಟ್, ಅರ್ಥ್, ಸಿಗ್ನಲ್ ಮೂರನ್ನೂ ನಮ್ಮೆದುರಿಗೇ ಅಳೆಯಲು ಹೇಳೋಣ. ಮಾರುಕಟ್ಟೆಯಲ್ಲಿ ಅರ್ಧ ಕಿಲೋ ಮೀನಿಗೂ ತಕ್ಕಡಿ ನೋಡುವವರು ನಾವು. ಹದಿನೆಂಟು ಸಾವಿರಕ್ಕೆ ಮೀಟರ್ ನೋಡಲು ಸಂಕೋಚವೇಕೆ?