ಬಳಪದಲ್ಲಿ ಕಿರುಮೆದುಳು

ದೊಡ್ಡ ಮೆದುಳನ್ನು ಯಾರು ಬೇಕಾದರೂ ಬರೆಯಬಹುದು. ಗೆರೆ ಅತ್ತಿತ್ತ ಹೋದರೂ ಕೇಳುವವರಿಲ್ಲ; ಅದರ ಸುರುಳಿಗಳೇ ಹಾಗೆ, ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಕೈಯ ಯೋಗ್ಯತೆ ತಿಳಿಯುವುದು ಕಿರುಮೆದುಳಿನ ಸರದಿ ಬಂದಾಗ. ಅಚ್ಚುಕಟ್ಟಾಗಿ ಹಿಡಿದ ಸೀರೆಯ ನೆರಿಗೆಯಂತೆ ಮಡಿಕೆಯ ಪಕ್ಕ ಮಡಿಕೆ. ಒಂದು ಗೆರೆ ಸೊಟ್ಟಗಾದರೆ ಇಡೀ ಚಿತ್ರ ಕೆಟ್ಟಿತು.

ಹಾರೋಹಳ್ಳಿ ಹತ್ತಿರದ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಬಂದ ಮೇಲೆ ನನ್ನ ಈ ಚಟಕ್ಕೆ ಪ್ರೇಕ್ಷಕರು ಸಿಕ್ಕರು. ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತನಾದವನ ಜಗಲಿಯಲ್ಲಿ ಕರಿಹಲಗೆ ಇನ್ನೂ ಇದೆ. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಬಂದು ಕೂರುತ್ತಾರೆ. ಲಿಂಗುಲಾದಿಂದ ನೋಡ್ಯೂಲ್ ತನಕ ವರ್ಮಿಸ್‌ನ ಒಂಬತ್ತು ಹೆಸರನ್ನು ಉರು ಹೊಡೆದು ಒಪ್ಪಿಸಿದರೆ ನನಗೆ ಆಕಳಿಕೆ. ಬಳಪ ಹಿಡಿಯಿರಪ್ಪಾ ಎನ್ನುತ್ತೇನೆ.

ಮೇಲ್ಮೈಯಲ್ಲಿ ವರ್ಮಿಸ್ ನಡುವಿನ ಸಣ್ಣ ದಿಣ್ಣೆ. ಎರಡೂ ಕಡೆಯ ಗೋಳಾರ್ಧಗಳೊಳಕ್ಕೆ ಗಡಿ ಕಾಣದಂತೆ ಇಳಿದುಹೋಗುತ್ತದೆ. ಕೆಳಮೈಯಲ್ಲಿ ಅದೇ ವರ್ಮಿಸ್ ಆಳವಾದ ಕಣಿವೆಯ ತಳ ಸೇರಿಕೊಂಡಿರುತ್ತದೆ. ಬಿರುಕುಗಳಿಗೆ ಕೆಂಪು ಬಳಪ. ಹುಡುಗರ ಕಣ್ಣು ಮೊದಲು ಹೋಗುವುದು ಹಾರಿಜಾಂಟಲ್ ಫಿಷರ್ ಕಡೆಗೆ. ಅಂಚನ್ನು ಬಳಸಿಕೊಂಡು ಹೋಗುವ ಆಳದ ಸೀಳು ಅದು, ಆದರೆ ಕೆಲಸದ ಲೆಕ್ಕದಲ್ಲಿ ಅದಕ್ಕೆ ಹೇಳಿಕೊಳ್ಳುವ ಅರ್ಥವೇನೂ ಇಲ್ಲ! ಮುಂದಿನ ಹಾಲೆಯನ್ನು ಹಿಂದಿನದರಿಂದ ಬೇರೆ ಮಾಡುವ ಪ್ರೈಮರಿ ಫಿಷರನ್ನು ಹುಡುಕಿ ತೋರಿಸಬೇಕು. ಸುಮಾರು 150 ಗ್ರಾಂ ತೂಗುವ ಈ ಅಂಗದಲ್ಲಿ ಎದ್ದು ಕಾಣುವುದೇ ಬೇರೆ, ಮುಖ್ಯವಾದುದೇ ಬೇರೆ. ನನ್ನ ಮೋಹಕ್ಕೆ ಕಾರಣವೂ ಅದೇ.

ಟಾನ್ಸಿಲ್‌ಗಳನ್ನೇ ನೋಡಿ (ಗಂಟಲಿನದಲ್ಲ). ಕೆಳಮೈಯ ಕಣಿವೆಯ ಎರಡೂ ಮಗ್ಗುಲಲ್ಲಿ ಪುಟ್ಟ ಉಬ್ಬುಗಳು. ಗಡ್ಡೆಯೋ ರಕ್ತಸ್ರಾವವೋ ಆಗಿ ತಲೆಬುರುಡೆಯೊಳಗೆ ಒತ್ತಡ ಏರಿದರೆ ಇವು ಬುರುಡೆಯ ತಳದ ದೊಡ್ಡ ರಂಧ್ರಕ್ಕೆ ಜಾರಿ, ಉಸಿರಾಟ ನಡೆಸುವ ಮೆಡುಲ್ಲಾವನ್ನು ಅಮುಕುತ್ತವೆ. ಅಂಥ ಸಂಶಯವಿದ್ದಾಗ ಸ್ಕ್ಯಾನ್ ನೋಡದೆ ಬೆನ್ನಿನಿಂದ ನೀರು ತೆಗೆಯಲು ವೈದ್ಯರು ಹೆದರುವುದು ಇವಕ್ಕೇ.

ಎಷ್ಟು ಬರೆದರೂ ಮುಟ್ಟಿದ ಹಾಗಾಗದು. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ 1995ರಲ್ಲಿ ಕಟ್ಟಿದ ಮೆದುಳು ಬ್ಯಾಂಕ್ ಇದೆ, ಜೊತೆಗೊಂದು ಮ್ಯೂಸಿಯಂ. ಅಲ್ಲಿ ಜನಸಾಮಾನ್ಯರೂ ನಿಜವಾದ ಮೆದುಳನ್ನು ಹಿಡಿದು ನೋಡಬಹುದು. ಹುಡುಗರನ್ನು ಅಲ್ಲಿಗೆ ಅಟ್ಟುತ್ತೇನೆ. ಮಡಿಕೆ ಬೆರಳಿಗೆ ಸಿಕ್ಕಿ ಬಂದವರ ಗೆರೆಯೇ ಬೇರೆ.

ಆಮೇಲೆ ರೋಗಿಯ ಮಾತು. ಗೋಳಾರ್ಧ ಕೆಟ್ಟರೆ ಅದೇ ಮಗ್ಗುಲಿನ ಕೈ ಹದ ತಪ್ಪುತ್ತದೆ. ದೊಡ್ಡ ಮೆದುಳಿನ ಎಡಬಲದ ಅದಲುಬದಲು ಇಲ್ಲಿಲ್ಲ. ಮೂಗು ಮುಟ್ಟಲು ಹೊರಟ ಬೆರಳು ಗುರಿ ಸಮೀಪಿಸಿದಷ್ಟೂ ನಡುಗುತ್ತದೆ. ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿ ಗಾರ್ಡನ್ ಹೋಮ್ಸ್ 1917ರಲ್ಲಿ ಬರೆದಿಟ್ಟ ಲಕ್ಷಣಗಳನ್ನೇ ಈಗಲೂ ಹುಡುಕುತ್ತೇವೆ.

ವರ್ಮಿಸ್‌ನ ಮುಂದಿನ ಮೇಲ್ಭಾಗಕ್ಕಾದರೆ ಸಂಜೆಯ ಬಸ್ ಸ್ಟ್ಯಾಂಡೇ ಸಾಕು. ವರ್ಷಗಟ್ಟಲೆ ಕುಡಿದವರಲ್ಲಿ ಸವೆಯುವ ಜಾಗ ಅದು. ಕುಡಿಯದ ದಿನವೂ ಕಾಲು ಅಗಲಿಸಿಕೊಂಡೇ ನಡೆಯುತ್ತಾರೆ; ಕೈಗೆ ಮಾತ್ರ ಅಷ್ಟಾಗಿ ತಟ್ಟಿರುವುದಿಲ್ಲ. ಯಾಕೆ ಹಾಗೆ ಎಂದು ಕೇಳುತ್ತೇನೆ. ಹಲಗೆ ಕಡೆ ತಿರುಗಿದವರಿಗೆ ಕಾಫಿ. ಮೊಬೈಲ್ ಕಡೆ ತಿರುಗಿದವರು ಅಷ್ಟೂ ಮಡಿಕೆಗಳನ್ನು ಮೊದಲಿಂದ ಬರೆಯಬೇಕು.